ಪೇಂಟ್ ವಾಸನೆಗೆ ಸ್ನೇಕ್ ಪ್ಲಾಂಟ್ ಸಾಕಾ?

ಹೊಸದಾಗಿ ಪೇಂಟ್ ಮಾಡಿಸಿದ ರೂಮಿನಲ್ಲಿ ಐದಾರು ಸ್ನೇಕ್ ಪ್ಲಾಂಟ್ ಇಟ್ಟರೆ ವಾಸನೆ ಹೋಗುತ್ತಾ ಅಂತ ಕೇಳಿದ್ದೀರಿ. ಅದನ್ನೇ ನಂಬಿ ಕೂರಬೇಡಿ. ಗಿಡಗಳು ಗಾಳಿಯಲ್ಲಿರುವ ಹಾನಿಕರ ರಾಸಾಯನಿಕಗಳನ್ನು ಕಡಿಮೆ ಮಾಡುತ್ತವೆ ಅಂತ ಎಲ್ಲರೂ ಹೇಳುವ ನಾಸಾ ಪ್ರಯೋಗ 1989ರದ್ದು, ಸುಳ್ಳಲ್ಲ. ಆದರೆ ಅದು ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗೆ. ನಮ್ಮ ಮನೆ ಹಾಗಿರಲ್ಲ ಅಲ್ವಾ? ಕಿಟಕಿ, ಬಾಗಿಲ ಸಂದಿಯಿಂದ ಗಾಳಿ ಬಂದು ಹೋಗುತ್ತಲೇ ಇರುತ್ತದೆ. ಅದರ ಮುಂದೆ ಗಿಡ ಮಾಡುವ ಕೆಲಸ ತೀರಾ ಕಡಿಮೆ. 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಹಳೆಯ ಪ್ರಯೋಗಗಳನ್ನು ಮತ್ತೆ ಲೆಕ್ಕ ಹಾಕಿದರು. ಕಟ್ಟಡದ ಮಾಮೂಲಿ ಗಾಳಿಯಾಟಕ್ಕೆ ಸಮ ಆಗಬೇಕಾದರೆ ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡ ಬೇಕಂತೆ! ಮಂಚ ಎಲ್ಲಿಡುತ್ತೀರಿ? ಕಿಟಕಿಗಳನ್ನು ತೆರೆದು ಫ್ಯಾನ್ ಹಾಕಿ, ವಾಸನೆ ಇಳಿಯುವವರೆಗೆ ಬೇರೆ ರೂಮಿನಲ್ಲಿ ಮಲಗಿ. ಗಿಡ ಚೆಂದಕ್ಕೆ ಇರಲಿ. ನೀರು ಮಾತ್ರ ಜಾಸ್ತಿ ಹಾಕಬೇಡಿ, ಬೇರು ಕೊಳೆಯುತ್ತದೆ.