ಡಿವಿಡಿಗೆ ಹಾಕಿದರೆ ಗೆರೆ ಏಕೆ ಕೆಡುತ್ತದೆ?

ಪ್ರಶ್ನೆ: ಮೈಸೂರು ಶೈಲಿಯ ಚಿತ್ರಗಳನ್ನು ಬಳಸಿ 18 ನಿಮಿಷದ ಆನಿಮೇಷನ್ ಮಾಡಿದ್ದೇನೆ. ಕಂಪ್ಯೂಟರಿನಲ್ಲಿ ಕಿರೀಟದ ಕುಸುರಿ ಚೆನ್ನಾಗಿದೆ. ಡಿವಿಡಿ ಮಾಡಿ ಹಳೇ ಟಿವಿಗೆ ಹಾಕಿದರೆ ಗೆರೆ ಸುತ್ತ ಸೊಳ್ಳೆ ಮುತ್ತಿದ ಹಾಗೆ ಚುಕ್ಕಿಗಳು, ಅಡ್ಡಗೆರೆಗಳಂತೂ ನಡುಗುತ್ತವೆ. ಬಿಟ್‌ರೇಟ್ 4 ಎಂಬಿಪಿಎಸ್ ಇಟ್ಟಿದ್ದೆ.
– ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ಬಿಟ್‌ರೇಟ್ ಅಂದರೆ ಒಂದು ಸೆಕೆಂಡಿನ ವಿಡಿಯೋಗೆ ಎಷ್ಟು ಮೆಗಾಬಿಟ್ (ಎಂಬಿಪಿಎಸ್) ಮಾಹಿತಿ ಬಳಸುತ್ತೀರಿ ಅನ್ನುವುದು. ಮೊದಲು ಆ 4 ಅನ್ನು 8 ಮಾಡಿ. 18 ನಿಮಿಷಕ್ಕೆ 8ರಂತೆ ಹಾಕಿದರೂ ಸುಮಾರು 1.1 ಜಿಬಿ ಆಗುತ್ತದೆ, ಡಿಸ್ಕಿನಲ್ಲಿ 4.7 ಜಿಬಿ ಜಾಗ ಇದೆ. ಅಷ್ಟು ಜಾಗ ಖಾಲಿ ಬಿಟ್ಟು ಚಿತ್ರವನ್ನು ಸುಮ್ನೆ ಹಿಂಡಿದ್ದೀರಿ. ಡಿವಿಡಿ ವಿಡಿಯೋಗೆ 9.8ರವರೆಗೂ ಅವಕಾಶವಿದೆ, ಆದರೆ ಮನೆಯಲ್ಲಿ ಬರೆದ ಡಿಸ್ಕು ಅಷ್ಟಾದರೆ ಹಳೇ ಪ್ಲೇಯರಿನಲ್ಲಿ ತಡವರಿಸಬಹುದು, ಅದಕ್ಕೇ 8 ಸಾಕು ಅಂದೆ.

ಚುಕ್ಕಿ ಬರುವುದು ಹೀಗೆ. ಡಿವಿಡಿಯಲ್ಲಿ ವಿಡಿಯೋ ಹಿಂಡುವ ವಿಧಾನವಾದ ಎಂಪೆಗ್-2 ಚಿತ್ರವನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸುತ್ತದೆ. ಬಿಟ್ ಸಾಲದೆ ಹೋದಾಗ ಪ್ರತಿ ಚೌಕದಲ್ಲೂ ಮೊದಲು ಬಲಿಯಾಗುವುದು ಸೂಕ್ಷ್ಮ ವಿವರವೇ, ಮತ್ತು ಒಂದು ಕಪ್ಪು ಗೆರೆಯಲ್ಲಿ ಆದ ತಪ್ಪು ಆ ಚೌಕದ ತುಂಬಾ ಹರಡಿಕೊಳ್ಳುತ್ತದೆ. ಹುಲ್ಲಿನ ಮೇಲಾದರೆ ಗೊತ್ತೇ ಆಗುವುದಿಲ್ಲ. ನಿಮ್ಮದು ಒಂದೇ ಬಣ್ಣದ ನುಣುಪು ಹಿನ್ನೆಲೆ ಅಲ್ವಾ, ಎದ್ದು ಕಾಣುತ್ತದೆ.

ನಡುಗುವುದಕ್ಕೆ ಬಿಟ್‌ರೇಟ್ ಕಾರಣವಲ್ಲ. ನಮ್ಮ ಪಾಲ್ (ನಮ್ಮಲ್ಲಿನ ಟಿವಿ ಮಾನದಂಡ) ಡಿವಿಡಿಯಲ್ಲಿ ಇರುವುದು 720×576 ಪಿಕ್ಸೆಲ್, ಅಂದರೆ 576 ಸಾಲು. ಹಳೇ ಟಿವಿ ಒಮ್ಮೆ ಬೆಸ ಸಾಲು, ಒಮ್ಮೆ ಸಮ ಸಾಲು ತೋರಿಸುತ್ತದೆ. ಒಂದೇ ಸಾಲಿನಷ್ಟು ತೆಳ್ಳಗಿರುವ ಅಡ್ಡಗೆರೆ ಒಮ್ಮೆ ಕಾಣುತ್ತದೆ, ಮರುಕ್ಷಣ ಮಾಯ. ಆ ಅಳತೆಯಲ್ಲಿ ಗೆರೆ ಎರಡು ಸಾಲಿನಷ್ಟಾದರೂ ದಪ್ಪ ಬರಬೇಕು, ಅಂದರೆ 1080 ಎತ್ತರದ ಮೂಲದಲ್ಲಿ ನಾಲ್ಕು ಪಿಕ್ಸೆಲ್. ಮೈಸೂರು ಶೈಲಿಯ ಜೀವವೇ ತೆಳು ಗೆರೆ, ಎಲ್ಲವನ್ನೂ ದಪ್ಪ ಮಾಡಿದರೆ ಕಿರೀಟದ ಅಂದವೇ ಹೋಗುತ್ತದೆ. ಹಾಗಾಗಿ ಅಡ್ಡಗೆರೆಗಳನ್ನು ಮಾತ್ರ ದಪ್ಪ ಮಾಡಿ, ಅಥವಾ ಅವಕ್ಕೆ ಮೇಲೆ-ಕೆಳಗೆ ಒಂಚೂರು ಬ್ಲರ್ ಕೊಡಿ.

ಇನ್ನೊಂದು ಮಾತು. ಆನಿಮೇಷನ್ನನ್ನು ಮೊದಲು ಎಂಪಿ4 ಮಾಡಿ ಅದರಿಂದ ಡಿವಿಡಿ ಮಾಡಬೇಡಿ, ಎರಡು ಸಲ ಹಿಂಡಿದ ಹಾಗಾಗುತ್ತದೆ. ಪಿಎನ್‌ಜಿ ಚಿತ್ರಗಳ ಸಾಲಿನಿಂದಲೇ ನೇರ ಮಾಡಿ.

ಪ್ರಶ್ನೆ: ತಂಗಿ ಮದುವೆಯ ವಿಡಿಯೋ 2 ಗಂಟೆ ಇದೆ. ದಿಬ್ಬಣ ಕಬ್ಬಿನ ಗದ್ದೆ ಪಕ್ಕ ಬರುವಾಗ ಸೋಗೆಯೆಲ್ಲ ಚೌಕ ಚೌಕವಾಗಿ ಕಲಸಿಹೋಗಿದೆ.
– ಓದುಗರು, ಮಂಡ್ಯ

ಉತ್ತರ: ಗಾಳಿಗೆ ಅಲ್ಲಾಡುವ ಸೋಗೆಗಿಂತ ಕಷ್ಟದ ದೃಶ್ಯ ಎನ್‌ಕೋಡರಿಗೆ (ವಿಡಿಯೋ ಹಿಂಡುವ ಸಾಫ್ಟ್‌ವೇರ್) ಸಿಗುವುದು ಅಪರೂಪ. ಒಂದೊಂದು ಎಲೆಯೂ ಒಂದೊಂದು ಕಡೆಗೆ ಹೋಗುತ್ತದೆ, ಹಿಂದಿನ ಫ್ರೇಮಿನಿಂದ ಎತ್ತಿಕೊಳ್ಳಲು ಏನೂ ಉಳಿಯುವುದಿಲ್ಲ. 2 ಗಂಟೆಯನ್ನು ಒಂದು ಡಿಸ್ಕಿಗೆ ತುಂಬಿದರೆ ಶಬ್ದವೂ ಸೇರಿ ಸರಾಸರಿ 5 ಎಂಬಿಪಿಎಸ್ ಸಿಗುತ್ತದೆ, ಅಷ್ಟೇ. ಟೂ-ಪಾಸ್ ವಿಬಿಆರ್ ಆರಿಸಿ, ಅಂದರೆ ದೃಶ್ಯಕ್ಕೆ ತಕ್ಕಂತೆ ಬಿಟ್‌ರೇಟ್ ಏರಿಸಿ ಇಳಿಸುವ, ಎರಡು ಸುತ್ತಿನ ವಿಧಾನ. ಅದು ಮೊದಲ ಸುತ್ತಿನಲ್ಲಿ ಇಡೀ ವಿಡಿಯೋ ನೋಡಿಕೊಂಡು, ಮಂಟಪದಲ್ಲಿ ಸುಮ್ಮನೆ ಕುಳಿತ ದೃಶ್ಯದಲ್ಲಿ ಉಳಿಸಿದ ಬಿಟ್ಟನ್ನು ಗದ್ದೆಗೆ ಕೊಡುತ್ತದೆ. ಶಬ್ದ ಪಿಸಿಎಂನಲ್ಲಿ (ಹಿಂಡದ ರೂಪ) ಇದ್ದರೆ ಅದೊಂದೇ 1.5 ಎಂಬಿಪಿಎಸ್ ತಿನ್ನುತ್ತದೆ, 192 ಕೆಬಿಪಿಎಸ್‌ನ ಎಸಿ-3ಗೆ (ಹಿಂಡಿದ ರೂಪ) ಬದಲಿಸಿ. ಆಮೇಲೂ ತೃಪ್ತಿಯಾಗದಿದ್ದರೆ ಎರಡು ಡಿಸ್ಕ್ ಮಾಡಿ, ಮುಹೂರ್ತದವರೆಗೆ ಒಂದು, ಆಮೇಲಿನದು ಇನ್ನೊಂದು.