ಚಿತ್ರದಲ್ಲಿ ಇಲ್ಲದ್ದು ಕವಿತೆಯಾಗುವ ಬಗೆ

ಚಿತ್ರಕಲೆಯು ಕವಿತೆಗೆ ಹೇಗೆ ಪ್ರೇರಣೆಯಾಗುತ್ತದೆ, ಮೆಚ್ಚಿದ ಚಿತ್ರದ ಮುಂದೆ ಕುಳಿತು ಬರೆದರೂ ತಮ್ಮಿಂದ ಬರಿಯ ವರ್ಣನೆಯೇ ಏಕೆ ಹೊರಡುತ್ತದೆ ಎಂದು ಕೇಳಿದ್ದೀರಿ. ಎರಡನೆಯ ಪ್ರಶ್ನೆ ಬಿಡಿಸಿಕೊಂಡರೆ ಮೊದಲನೆಯದೂ ಬಿಡಿಸಿಕೊಳ್ಳುತ್ತದೆ ಎಂದು ನನಗನ್ನಿಸುತ್ತದೆ.

ನಾನೂ ಬಹುಕಾಲ ಹಾಗೆಯೇ ಬರೆದವನು. ಬೆಳ್ಳಿಯ ತಟ್ಟೆ, ಗಾಜಿನ ಲೋಟ, ಅರ್ಧ ಸುಲಿದ ನಿಂಬೆ ಇದ್ದ ಒಂದು ಹಳೆಯ ಚಿತ್ರವನ್ನು ಕುರಿತು, ಕಂಡ ಬಣ್ಣವನ್ನೆಲ್ಲ ತುಂಬಿ ನಲವತ್ತು ಸಾಲು ಬರೆದಿದ್ದೆ. ಓದಿದ ಸ್ನೇಹಿತರೊಬ್ಬರು, "ಇಷ್ಟು ಓದುವ ಹೊತ್ತಿಗೆ ಆ ಚಿತ್ರವನ್ನೇ ನೋಡಿಬಿಡಬಹುದಲ್ಲ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಬಣ್ಣವನ್ನು ತೋರಿಸುವುದರಲ್ಲಿ ಮಾತು ಕುಂಚಕ್ಕೆ ಎಂದೂ ಸಾಟಿಯಲ್ಲ. ಜರ್ಮನ್ ಲೇಖಕ ಲೆಸ್ಸಿಂಗ್ 1766ರಲ್ಲಿ ಪ್ರಕಟಿಸಿದ 'ಲಾವೊಕೋನ್' ಎಂಬ ಗ್ರಂಥದಲ್ಲಿ ಈ ಭೇದವನ್ನು ವಿವರಿಸಿದ್ದಾನೆ: ಚಿತ್ರದ ವಸ್ತುಗಳು ಪಕ್ಕಪಕ್ಕದಲ್ಲಿ, ಒಟ್ಟಿಗೇ ಇರುತ್ತವೆ, ಕಾವ್ಯದ ಮಾತುಗಳು ಒಂದರ ಹಿಂದೊಂದು, ಕಾಲದಲ್ಲಿ ಬರುತ್ತವೆ. ಚಿತ್ರಕಾರನಿಗೆ ಸಿಕ್ಕುವುದು ಒಂದೇ ಕ್ಷಣ. ಆ ಕ್ಷಣದ ಹಿಂದುಮುಂದುಗಳು ಚೌಕಟ್ಟಿನ ಹೊರಗೇ ಉಳಿಯುತ್ತವೆ, ಕವಿಗೆ ಕೆಲಸವಿರುವುದು ಅಲ್ಲಿ.

ಇದಕ್ಕೆ ನಾನು ಮತ್ತೆ ಮತ್ತೆ ಮರಳುವ ನಿದರ್ಶನ ಬ್ರಸೆಲ್ಸ್‌ನ ವಸ್ತುಸಂಗ್ರಹಾಲಯದಲ್ಲಿರುವ, ಚಿತ್ರಕಾರ ಬ್ರೂಗಲ್‌ನ ಹೆಸರಿನಲ್ಲಿ ಪ್ರಸಿದ್ಧವಾದ, ಗ್ರೀಕ್ ಪುರಾಣದ ಇಕಾರಸ್‌ನ ಪತನದ ಚಿತ್ರ. (ಅದು ಅವನ ಕಳೆದುಹೋದ ಮೂಲಚಿತ್ರದ ಪ್ರತಿಯಿರಬೇಕೆಂದು ಈಗ ಹಲವು ವಿದ್ವಾಂಸರು ಹೇಳುತ್ತಾರೆ, ಕವಿಗಳಿಗೆ ಅದರಿಂದೇನೂ ನಷ್ಟವಾಗಿಲ್ಲ.) ತಂದೆಯೊಡನೆ ಹಾರುವಾಗ ಮೇಣದ ರೆಕ್ಕೆ ಕರಗಿ ಬಿದ್ದ ಆ ಹುಡುಗನ ಕಾಲುಗಳು ಮಾತ್ರ ಬಲಗಡೆಯ ಮೂಲೆಯ ನೀರಿನಲ್ಲಿ ಕಾಣುತ್ತವೆ, ಮುಂಭಾಗವನ್ನೆಲ್ಲ ಆವರಿಸಿಕೊಂಡವನು ನೆಲ ಉಳುತ್ತಿರುವ ಒಬ್ಬ ರೈತ. ಸ್ವಾರಸ್ಯವೆಂದರೆ, ಮೂಲಕಥೆಯನ್ನು ಹೇಳಿದ ರೋಮನ್ ಕವಿ ಓವಿಡ್‌ನಲ್ಲಿ ರೈತ, ಕುರುಬ, ಮೀನು ಹಿಡಿಯುವವ ಮೂವರೂ ಹಾರುವವರನ್ನು ಕಂಡು ದೇವತೆಗಳೆಂದು ಬೆರಗಾಗುತ್ತಾರೆ. ಚಿತ್ರದಲ್ಲಿ ಅದೇ ಮೂವರು ಇದ್ದಾರೆ, ಬೀಳುತ್ತಿರುವವನ ಕಡೆಗೆ ಒಬ್ಬನೂ ತಿರುಗಿಲ್ಲ. ಹೀಗೆ ಕವಿತೆಯೊಂದು ಚಿತ್ರವಾಗುವಾಗ ತಲೆಕೆಳಗಾಯಿತು. 1938ರ ಕೊನೆಯಲ್ಲಿ ಅದರಿಂದ ಮತ್ತೆ ಕವಿತೆ ಬರೆದ ಇಂಗ್ಲಿಷ್ ಕವಿ ಆಡೆನ್, ಚಿತ್ರದಲ್ಲಿ ಕಾಣದ ಒಂದನ್ನು ಸೇರಿಸಿದ: ಅಲ್ಲಿ ಬರೆದಿರುವ ಹಡಗಿಗೆ ತಲುಪಬೇಕಾದ ಊರೊಂದಿತ್ತು, ಅದು ಶಾಂತವಾಗಿ ಮುಂದೆ ಸಾಗಿತು ಎಂದ. ಪಟದ ಮೇಲಿನ ಹಡಗು ಸಾಗಲಾರದು. ಅದನ್ನು ಸಾಗಿಸಿದ್ದರಿಂದಲೇ ಲೋಕದ ಔದಾಸೀನ್ಯ ನಮಗೆ ತಟ್ಟುತ್ತದೆ. ಅದೇ ಚಿತ್ರದ ಮೇಲೆ ಅಮೆರಿಕದ ಕವಿ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ಬರೆದ ಪುಟ್ಟ ಕವಿತೆ ವಸಂತಋತುವಿನಿಂದ ಆರಂಭವಾಗಿ, ಯಾರೂ ಗಮನಿಸದ ಒಂದು ನೀರಿನ ಚಿಮ್ಮುವಿಕೆಯಲ್ಲಿ ಮುಗಿಯುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ, ಒಂದೇ ಚಿತ್ರ ಇಬ್ಬರನ್ನು ಎಷ್ಟು ಬೇರೆ ದಾರಿಗಳಿಗೆ ಹಚ್ಚಬಲ್ಲದೆಂಬುದು ತಿಳಿಯುತ್ತದೆ.

ಕಾಳಿದಾಸನಿಗೂ ಈ ಮರ್ಮ ಚೆನ್ನಾಗಿ ಗೊತ್ತಿತ್ತು. 'ಅಭಿಜ್ಞಾನಶಾಕುಂತಲ'ದ ಆರನೆಯ ಅಂಕದಲ್ಲಿ ದುಷ್ಯಂತ ತಾನೇ ಬರೆದ ಶಕುಂತಲೆಯ ಚಿತ್ರವನ್ನು ಹಿಡಿದು ಪರಿತಪಿಸುತ್ತಾನೆ. ಅಲ್ಲಿನ ಅತ್ಯಂತ ಸುಂದರವಾದ ಶ್ಲೋಕ, ನನ್ನ ಅಭಿಪ್ರಾಯದಲ್ಲಿ, ಇನ್ನೂ ಬರೆಯದೆ ಉಳಿದಿರುವುದನ್ನು ಕುರಿತದ್ದು: ಮಾಲಿನೀ ನದಿಯ ಮರಳಿನಲ್ಲಿ ಕುಳಿತ ಹಂಸಗಳ ಜೋಡಿ, ಕೊಂಬೆಗಳಿಗೆ ನಾರುಮಡಿ ತೂಗುಹಾಕಿದ ಮರ, ಅದರ ಕೆಳಗೆ ಗಂಡುಜಿಂಕೆಯ ಕೊಂಬಿಗೆ ತನ್ನ ಎಡಗಣ್ಣನ್ನು ಉಜ್ಜಿಕೊಳ್ಳುತ್ತಿರುವ ಹೆಣ್ಣುಜಿಂಕೆ. ಕೊಂಬಿನ ತುದಿಗೆ ಕಣ್ಣನ್ನೊಪ್ಪಿಸುವ ಆ ನಂಬಿಕೆಯನ್ನೇ ದುಷ್ಯಂತ ಮುರಿದಿದ್ದಾನೆಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅನಂತರ ಅವನು ಚಿತ್ರದ ದುಂಬಿಯನ್ನೇ ನಿಜವೆಂದು ಗದರಿಸತೊಡಗುತ್ತಾನೆ, ಅದು ಚಿತ್ರವೆಂದು ವಿದೂಷಕ ನೆನಪಿಸಬೇಕಾಗುತ್ತದೆ.

ಇಂಗ್ಲಿಷ್ ಕವಿ ಕೀಟ್ಸ್ 1819ರಲ್ಲಿ ಬರೆದ ಗ್ರೀಕ್ ಕಲಶದ ಕವಿತೆಯದೂ ಇದೇ ಹಾದಿ. ಕಲಶದ ಮೇಲೆ ಬಲಿಗೆ ಹೊರಟ ಜನರ ಮೆರವಣಿಗೆಯಿದೆ. ಅವರು ಬಿಟ್ಟುಬಂದ, ಬೀದಿಗಳೆಲ್ಲ ಮೌನವಾಗಿರುವ ಊರು ಮಾತ್ರ ಕವಿಯ ಪ್ರಶ್ನೆಯಲ್ಲಿ ಹುಟ್ಟಿಕೊಂಡದ್ದು.

ತಮಗೆ ಹೇಳಬಹುದಾದ ಇನ್ನೊಂದು ಸಂಗತಿ ಕಾಲವನ್ನು ಕುರಿತದ್ದು. ಪಿಕಾಸೊ 1905ರಲ್ಲಿ ಬರೆದ ಅಲೆಮಾರಿ ಸರ್ಕಸ್ ಕಲಾವಿದರ ಚಿತ್ರ ತೂಗುಹಾಕಿದ್ದ ಮ್ಯೂನಿಕ್‌ನ ಮನೆಯೊಂದರಲ್ಲಿ ಜರ್ಮನ್ ಭಾಷೆಯ ಕವಿ ರಿಲ್ಕೆ 1915ರಲ್ಲಿ ಕೆಲವು ತಿಂಗಳು ವಾಸವಾಗಿದ್ದ. ಅದರಿಂದ ಪ್ರೇರಿತವಾದ 'ಡುಯಿನೊ ಶೋಕಗೀತೆಗಳು' ಎಂಬ ಮಾಲೆಯ ಐದನೆಯ ಕವಿತೆಯನ್ನು ಅವನು ಬರೆದದ್ದು 1922ರ ಫೆಬ್ರವರಿಯಲ್ಲಿ. ಚಿತ್ರದಲ್ಲಿ ಆ ಸರ್ಕಸ್ ಕಲಾವಿದರು ಬರಿಯ ಬಯಲಿನಲ್ಲಿ ಸುಮ್ಮನೆ ನಿಂತಿದ್ದಾರೆ. ಕವಿತೆಯಲ್ಲಿ, ಅವರ ನೆಗೆತಕ್ಕೆ ಸವೆದುಹೋದ ಜಮಖಾನೆಯೊಂದು ಬಂದಿದೆ. ಆದ್ದರಿಂದ ಚಿತ್ರದ ಮುಂದೆಯೇ ಕುಳಿತು ಬರೆಯಬೇಡಿ. ನೋಡಿ, ಎದ್ದುಬನ್ನಿ, ಕೆಲವು ದಿನ ಬಿಟ್ಟ ಮೇಲೂ ಮನಸ್ಸಿನಲ್ಲಿ ಯಾವ ಮೂಲೆ ಉಳಿದಿದೆಯೋ ಅಲ್ಲಿಂದ ಆರಂಭಿಸಿ. ನನ್ನ ನಲವತ್ತು ಸಾಲುಗಳಲ್ಲಿ ಕೊನೆಗೆ ಉಳಿದವು ಒಂಬತ್ತು. ತಟ್ಟೆಯೂ ಲೋಟವೂ ಹೋದವು. ನಿಂಬೆಯನ್ನು ಸುಲಿಯುತ್ತಿದ್ದವರು ಯಾರು, ಅರ್ಧಕ್ಕೇ ಬಿಟ್ಟು ಎದ್ದುಹೋಗುವಂತೆ ಯಾರು ಕೂಗಿದರು ಎಂಬುದಷ್ಟೇ ಈಗ ಅದರಲ್ಲಿದೆ.