ತಾಮ್ರದ ಚೊಂಬಿನ ನೀರು, ಗ್ರಹಣದ ಒನಕೆ

ಪ್ರಶ್ನೆ: ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳಿಗೆ ವಿಜ್ಞಾನದ ಐಚ್ಛಿಕ ಪತ್ರಿಕೆ ಪಾಠ ಮಾಡುತ್ತೇನೆ. ವೈಜ್ಞಾನಿಕ ಮನೋಭಾವದ ಬಗ್ಗೆ ಕೇಳಿದರೆ ಸಂವಿಧಾನದ 51ಎ(ಎಚ್), 1976ರ 42ನೇ ತಿದ್ದುಪಡಿ ಎಂದು ತಪ್ಪಿಲ್ಲದೆ ಬರೆಯುತ್ತಾರೆ. ಸಂಜೆ ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನೆಲ್ಲ ನಂಬಿ ಹತ್ತು ಗುಂಪಿಗೆ ಕಳಿಸುತ್ತಾರೆ. ನಮ್ಮಲ್ಲಿ ಲ್ಯಾಬ್ ಇಲ್ಲ. ಎಲ್ಲಿಂದ ಶುರು ಮಾಡಲಿ?
— ಉಪನ್ಯಾಸಕಿ, ಹಾವೇರಿ ಜಿಲ್ಲೆ

ಉತ್ತರ: ವ್ಯಾಖ್ಯಾನ ಬದಿಗಿಡಿ. ಅವರೇ ನಂಬಿರುವ ಒಂದು ಮಾತನ್ನು ಅವರ ಕೈಯಿಂದಲೇ ಒರೆಗೆ ಹಚ್ಚಿಸಿ. ‘ತಾಮ್ರದ ಚೊಂಬಿನಲ್ಲಿಟ್ಟ ನೀರಿನ ರುಚಿಯೇ ಬೇರೆ’ ಎನ್ನುತ್ತಾರಲ್ಲ, ಅದು ಬಹಳ ಅನುಕೂಲದ ಮಾತು. ಯಾರ ಮನಸ್ಸೂ ನೋಯುವುದಿಲ್ಲ, ಖರ್ಚೂ ಇಲ್ಲ.

30 ಮಂದಿಯ ತರಗತಿಗೆ ಲೆಕ್ಕ ಹೀಗೆ. ಒಂದೇ ಫಿಲ್ಟರಿನ ನೀರನ್ನು 3 ಲೀಟರ್ ತಾಮ್ರದ ಪಾತ್ರೆಗೆ, 3 ಲೀಟರ್ ಸ್ಟೀಲ್ ಪಾತ್ರೆಗೆ ತುಂಬಿ ರಾತ್ರಿಯಿಡೀ ಮುಚ್ಚಿಡಿ. ಬೆಳಗ್ಗೆ ಎರಡನ್ನೂ ಒಂದೇ ತರಹದ ಜಗ್ಗುಗಳಿಗೆ ಬಗ್ಗಿಸಿ, ಒಂದು ಗಂಟೆ ಒಂದೇ ಮೇಜಿನ ಮೇಲೆ ಬಿಡಿ. ಒಬ್ಬೊಬ್ಬರಿಗೂ ಮೂರು ಲೋಟ, ಲೋಟಕ್ಕೆ 50 ಮಿ.ಲೀ. ಎರಡರಲ್ಲಿ ಒಂದೇ ನೀರು, ಒಂದರಲ್ಲಿ ಇನ್ನೊಂದು. ಬೇರೆಯದು ಯಾವುದೆಂದು ಚೀಟಿಯಲ್ಲಿ ಬರೆಯಬೇಕು. ಗೊತ್ತಾಗದಿದ್ದರೂ ಒಂದನ್ನು ಆರಿಸಲೇಬೇಕು. ತಾಮ್ರದ್ದು ‘ತ’, ಸ್ಟೀಲಿನದು ‘ಸ’ ಎಂದಿಟ್ಟುಕೊಂಡರೆ ತತಸ, ತಸತ, ಸತತ, ಸಸತ, ಸತಸ, ತಸಸ ಎಂದು ಆರು ಜೋಡಣೆಗಳಾಗುತ್ತವೆ. ಒಂದೊಂದನ್ನೂ ಐದೈದು ಮಂದಿಗೆ ಕೊಡಿ. ಆಗ ಎರಡೂ ನೀರು 45-45 ಲೋಟ, ಅಂದರೆ ಎರಡೂಕಾಲು ಲೀಟರ್ ಖರ್ಚಾಗುತ್ತದೆ.

ಪಾಠದ ಜೀವಾಳ ಇರುವುದು ಲೋಟ ಎತ್ತುವ ಮೊದಲಿನ ಹತ್ತು ನಿಮಿಷದಲ್ಲಿ. ‘ಎಷ್ಟು ಮಂದಿ ಸರಿ ಹೇಳಿದರೆ ಒಪ್ಪೋಣ?’ ಎಂದು ಕೇಳಿ. ಸುಮ್ಮನೆ ಊಹಿಸಿದರೂ ಮೂವರಲ್ಲಿ ಒಬ್ಬರದು ಸರಿಯಾಗುತ್ತದೆ. 30ಕ್ಕೆ ಸುಮಾರು 10. ಬರೀ ಊಹೆಯಿಂದಲೇ 15 ಅಥವಾ ಹೆಚ್ಚು ಸರಿಯಾಗುವ ಸಂಭವ ಶೇ 5ಕ್ಕಿಂತ ಕಡಿಮೆ. ನಂಬದವರ ಕೈಗೆ ದಾಳ ಕೊಡಿ: 1 ಅಥವಾ 2 ಬಿದ್ದರೆ ‘ಸರಿ’, ಮೂವತ್ತು ಸಲ ಎಸೆದು ಎಣಿಸಲಿ. ನಾಲ್ಕೈದು ಗುಂಪು ಎಸೆದರೆ 7, 12, 9 ಎಂದು ಅಂಕಿ ಓಲಾಡುವುದನ್ನು ಕಣ್ಣಾರೆ ಕಾಣುತ್ತಾರೆ. ಆಮೇಲೆ ಬೋರ್ಡಿನ ಮೇಲೆ ‘15’ ಎಂದು ದೊಡ್ಡದಾಗಿ ಬರೆಯಿರಿ. ಅಳಿಸಬೇಡಿ.

ಕೆಡುವುದು ಸಣ್ಣಪುಟ್ಟ ಕಡೆಗಳಲ್ಲಿ. ಒಂದು ನೀರು ತುಸು ತಣ್ಣಗಿದ್ದರೆ ನಾಲಿಗೆ ಹಿಡಿಯುವುದು ತಂಪನ್ನು, ತಾಮ್ರವನ್ನಲ್ಲ. ಆ ಒಂದು ಗಂಟೆ ಅದಕ್ಕೇ. ಹುಣಸೆಹಣ್ಣು ಹಚ್ಚಿ ತಿಕ್ಕಿದ ಚೊಂಬನ್ನು ಸರಿಯಾಗಿ ತೊಳೆಯದಿದ್ದರೆ ಹುಳಿಯೇ ಗುಟ್ಟು ಬಿಟ್ಟುಕೊಡುತ್ತದೆ. ನೀರು ಸುರಿದವರು ಲೋಟ ಹಂಚಕೂಡದು, ಅವರ ಮುಖ ನೋಡಿಯೇ ಉತ್ತರ ತಿಳಿದುಬಿಡಬಹುದು. ಎಲ್ಲಕ್ಕಿಂತ ದೊಡ್ಡ ತಪ್ಪು ಕೊನೆಗೆ ಬರುತ್ತದೆ. 13 ಸರಿ ಬಂದಾಗ ಯಾರಾದರೂ ‘ಹತ್ತಿರ ಬಂದಿದೆ ಮೇಡಂ, ಇನ್ನೂ ಐದು ಜನರನ್ನು ಸೇರಿಸೋಣ’ ಎನ್ನುತ್ತಾರೆ. ಬೇಕಾದ ಅಂಕಿ ಬರುವವರೆಗೆ ಜನ ಸೇರಿಸುತ್ತ ಹೋದರೆ, ವ್ಯತ್ಯಾಸವೇ ಇಲ್ಲದ ಕಡೆಯೂ ಒಮ್ಮೆ ಗೆದ್ದುಬಿಡಬಹುದು. ಆಗ ಬೋರ್ಡಿನ 15ನ್ನು ತೋರಿಸಿ.

ಫಲಿತಾಂಶ ಬಂದ ಮೇಲೆ ಒಂದೇ ವಾಕ್ಯದಲ್ಲಿ ತೀರ್ಮಾನ ಬರೆಸಿ. 12 ಬಂದರೆ ‘ವ್ಯತ್ಯಾಸವಿಲ್ಲ’ ಎಂದಲ್ಲ, ‘ಈ ಪ್ರಯೋಗದಲ್ಲಿ ವ್ಯತ್ಯಾಸ ಸಿಗಲಿಲ್ಲ’ ಎಂದು. 17 ಬಂದರೆ ‘ರುಚಿಯಲ್ಲಿ ವ್ಯತ್ಯಾಸ ಇರುವಂತಿದೆ’ ಎಂದು ಮಾತ್ರ. ‘ಆದ್ದರಿಂದ ತಾಮ್ರದ ನೀರು ಆರೋಗ್ಯಕ್ಕೆ ಒಳ್ಳೆಯದು’ ಎಂದು ಬರೆದವರು ಇದ್ದೇ ಇರುತ್ತಾರೆ. ಆ ವಾಕ್ಯವನ್ನು ಎಲ್ಲರೆದುರು ಓದಿ, ಆರೋಗ್ಯವನ್ನು ನಾವು ಎಲ್ಲಿ ಅಳೆದೆವು ಎಂದು ಕೇಳಿ. ಇಡೀ ಸೆಮಿಸ್ಟರಿಗೆ ಈ ಒಂದು ಪ್ರಶ್ನೆ ಅವರ ಬಾಯಿಗೆ ಬಂದರೂ ನಿಮ್ಮ ಶ್ರಮ ಸಾರ್ಥಕ.

ಪ್ರಶ್ನೆ: ಗ್ರಹಣ ಹಿಡಿದಾಗ ನೀರಿನ ಹರಿವಾಣದಲ್ಲಿ ಒನಕೆ ನಿಂತಿತು, ಬಿಟ್ಟ ಮೇಲೆ ಬಿತ್ತು ಎಂಬ ವಿಡಿಯೋ ತೋರಿಸುತ್ತಾರೆ. ಸುಳ್ಳು ಎಂದರೆ ಮಕ್ಕಳು ಮುಖ ಗಂಟು ಹಾಕಿಕೊಳ್ಳುತ್ತಾರೆ. ಏನು ಹೇಳಲಿ?
— ಅತಿಥಿ ಉಪನ್ಯಾಸಕ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಸುಳ್ಳು ಎನ್ನಬೇಡಿ. ಒನಕೆ ನಿಂತದ್ದು ನಿಜವೇ ಇರಬಹುದು. ಗ್ರಹಣವಿಲ್ಲದ ದಿನ ಅದನ್ನು ನಿಲ್ಲಿಸಿ ನೋಡಿದ್ದನ್ನು ಆ ವಿಡಿಯೋ ತೋರಿಸುವುದಿಲ್ಲ ಎಂಬುದೇ ಇಲ್ಲಿನ ಕೊರತೆ. ಯಾವುದಾದರೊಂದು ಮಂಗಳವಾರ ಅಂಥದ್ದೇ ಒನಕೆ, ಹರಿವಾಣ ತರಿಸಿ. ತುದಿ ಸಮತಟ್ಟಾಗಿದ್ದು, ಒನಕೆಯ ಭಾರಕೇಂದ್ರದಿಂದ ನೇರ ಕೆಳಗಿಳಿಯುವ ಗೆರೆ ಆ ತುದಿಯ ಒಳಗೇ ಬಿದ್ದರೆ ಅದು ನಿಲ್ಲುತ್ತದೆ. ಮೊದಲ ಸಲ ನಿಲ್ಲದಿದ್ದರೆ ನೆಲ ಓರೆಯಿರಬಹುದು, ಹರಿವಾಣದ ನಡುಭಾಗ ಉಬ್ಬಿರಬಹುದು, ಇಲ್ಲವೇ ತುದಿ ಸವೆದು ಗುಂಡಗಾಗಿರಬಹುದು. ಜಾಗ ಬದಲಿಸಿ, ಇನ್ನೊಂದು ತುದಿ ಕೆಳಗಿಟ್ಟು, ಅಲುಗಾಟ ನಿಲ್ಲುವವರೆಗೆ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಬಿಡಿ. ಪಾದ ದೂರವಿರಲಿ, ಬಿದ್ದರೆ ಜಜ್ಜಿಹೋಗುತ್ತದೆ.

‘ಸೂರ್ಯಗ್ರಹಣದಲ್ಲಿ ಸೂರ್ಯ ಚಂದ್ರ ಒಂದೇ ಕಡೆಯಿಂದ ಎಳೆಯುತ್ತವಲ್ಲ ಸರ್’ ಎಂಬ ಪ್ರಶ್ನೆ ಬರುತ್ತದೆ. ಒಳ್ಳೆಯ ಪ್ರಶ್ನೆ, ಮೆಚ್ಚಿ. ಆ ಸಾಲು ಪ್ರತಿ ಅಮಾವಾಸ್ಯೆಯಲ್ಲೂ ಹೆಚ್ಚುಕಡಿಮೆ ಇದ್ದದ್ದೇ. ಹಾಗಾದರೆ ಮುಂದಿನ ಅಮಾವಾಸ್ಯೆಗೂ, ಆ ಸಾಲು ತಪ್ಪಿರುವ ಅದಾದ ಎಂಟನೇ ದಿನಕ್ಕೂ ಹತ್ತತ್ತು ಸಲ ನಿಲ್ಲಿಸಿ ಅವರೇ ಪಟ್ಟಿ ಬರೆಯಲಿ.

ಪ್ರಶ್ನೆ: ‘ಅಪಾಯ ಶೇ 18 ಹೆಚ್ಚು’ ಎಂಬಂಥ ಸುದ್ದಿಗಳನ್ನು ಬಿ.ಕಾಂ. ಮಕ್ಕಳಿಗೆ ಓದಲು ಕಲಿಸುವುದು ಹೇಗೆ?
— ಉಪನ್ಯಾಸಕ, ಮಂಡ್ಯ

ಉತ್ತರ: ಬಡ್ಡಿ ಲೆಕ್ಕ ಬಲ್ಲವರಿಗೆ ಇದು ಸುಲಭ. ಶೇ 18 ಎಂದರೆ ಯಾವ ಅಸಲಿನ ಮೇಲೆ ಎಂದು ಕೇಳಿ. 2015ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸವನ್ನು ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಶೇ 18ರಷ್ಟು ಏರುತ್ತದೆ ಎಂದಿತು. ಲೆಕ್ಕಕ್ಕಾಗಿ, ತಿನ್ನದ 1,000 ಮಂದಿಯಲ್ಲಿ 50 ಮಂದಿಗೆ ಆ ಕಾಯಿಲೆ ಬರುತ್ತದೆ ಎಂದಿಟ್ಟುಕೊಳ್ಳಿ. ದಿನವೂ ತಿನ್ನುವ 1,000 ಮಂದಿಯಲ್ಲಿ ಅದು 59 ಆಗುತ್ತದೆ. ಗ್ರಾಫ್ ಹಾಳೆಯಲ್ಲಿ 1,000 ಚೌಕ ಗುರುತಿಸಿ, 50ಕ್ಕೆ ಒಂದು ಬಣ್ಣ, ಮೇಲಿನ 9ಕ್ಕೆ ಇನ್ನೊಂದು ಬಣ್ಣ ತುಂಬಿಸಿ. ಅಸಲು 1,000ಕ್ಕೆ 5 ಆಗಿದ್ದರೆ ಅದೇ ಶೇ 18ಕ್ಕೆ ಒಂದು ಚೌಕವೂ ಪೂರ್ತಿ ತುಂಬುವುದಿಲ್ಲ.

ಅದೇ ಸಂಸ್ಥೆ ಈ ಮಾಂಸವನ್ನು ತಂಬಾಕು ಇರುವ ಮೊದಲನೇ ಗುಂಪಿಗೇ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆ ಎಂದು ಖಚಿತವಾದವುಗಳ ಪಟ್ಟಿಗೇ, ಸೇರಿಸಿತು. ಅದರಿಂದ ‘ಸಾಸೇಜ್ ಬೀಡಿಯಷ್ಟೇ ಕೆಟ್ಟದ್ದು’ ಎಂದು ಓದಿಕೊಂಡವರು ಅನೇಕರು. ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಸುದ್ದಿಯ ತುಣುಕು ಕೈಗೆ ಕೊಟ್ಟು, ಇವೆರಡರಲ್ಲಿ ಯಾವುದನ್ನು ಹೇಳುವ ಸಾಲು ಯಾವುದು ಎಂದು ಅಡಿಗೆರೆ ಎಳೆಸಿ. ಎರಡನೆಯದು ಸುದ್ದಿಯಲ್ಲಿ ಸಿಗದಿದ್ದರೆ ‘ಹೇಳಿಲ್ಲ’ ಎಂದು ಬರೆದವರಿಗೂ ಪೂರ್ತಿ ಅಂಕ ಕೊಡಿ.